ಕೂಡಿ ಕೇಳುವ ಬೈಠಕ್: ಹಳೆಯ ರೆಕಾರ್ಡಿಂಗ್ ಹಂಚಿಕೊಂಡು ಮಾತಾಡುವವರಿಗೆ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ನಾಗಂದಿಗೆಯ ಮೇಲೋ ಕಪಾಟಿನ ತಳದಲ್ಲೋ ಒಂದು ಡಬ್ಬಿ ಹಿಂದೂಸ್ತಾನಿ ಸಂಗೀತದ ಕ್ಯಾಸೆಟ್ ಸಿಗುವುದುಂಟು. ಧಾರವಾಡ ಆಕಾಶವಾಣಿಯಿಂದ ಹಿಡಿದಿಟ್ಟದ್ದು, ಯಾರದೋ ಮನೆಯ ಉಪನಯನದ ರಾತ್ರಿ ನಡೆದ ಬೈಠಕ್ಕಿನದು (ಮನೆಯಲ್ಲೇ ಕೂತು ಕೇಳುವ ಕಛೇರಿ), ಹುಬ್ಬಳ್ಳಿಯಲ್ಲಿ ಕೊಂಡು ತಂದದ್ದು ಎಲ್ಲ ಅದರಲ್ಲೇ ಬೆರೆತಿರುತ್ತವೆ. ಕೇಳುವ ಆಸೆಯಿರುವವರಿಗೂ ಕೊರತೆಯಿಲ್ಲ. ಆದರೂ ಹತ್ತು ಜನ ಸೇರಿದ ಕೂಟ ಹೆಚ್ಚಾಗಿ ಹಾಳಾಗುವುದು ಒಂದೇ ಕಾರಣಕ್ಕೆ. ಪ್ರತಿಯೊಬ್ಬರೂ ಇಷ್ಟದ ಐದೈದು ರೆಕಾರ್ಡಿಂಗ್ ತರುತ್ತಾರೆ, ಒಂದೊಂದನ್ನೂ ಐದು ನಿಮಿಷ ಹಾಕುತ್ತಾರೆ, 'ಎಂಥ ಧ್ವನಿ ಮಾರಾಯ್ರೆ' ಎನ್ನುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಯಾರೂ ಏನನ್ನೂ ಕೇಳಿರುವುದಿಲ್ಲ. ಕಡಿಮೆ ಹಾಕಬೇಕು, ಅದನ್ನೇ ಎರಡು ಸಲ ಕೇಳಬೇಕು. ಕೆಳಗೆ ಹೇಳಿರುವ ತಯಾರಿಯೆಲ್ಲ ಇದಕ್ಕಾಗಿ.

ಎಷ್ಟು ಜನ, ಎಷ್ಟು ಹೊತ್ತು

ಎಂಟರಿಂದ ಹನ್ನೆರಡು ಜನ ಸರಿ. ಹದಿನೈದು ದಾಟಿದರೆ ಹಿಂದೆ ಕೂತವರು ತಮ್ಮಲ್ಲೇ ಪಿಸುಗುಡಲು ಶುರುಮಾಡುತ್ತಾರೆ. ಎರಡೂವರೆ ತಾಸು ಇಟ್ಟುಕೊಳ್ಳಿ. ಅದರಲ್ಲಿ ಸಂಗೀತಕ್ಕೆ 70ರಿಂದ 80 ನಿಮಿಷ, ಮಾತಿಗೆ ಅಷ್ಟೇ ಹೊತ್ತು. ಒಂದು ಕೂಟಕ್ಕೆ ಮೂರು ರೆಕಾರ್ಡಿಂಗ್ ಸಾಕು. ನಾಲ್ಕನೆಯದನ್ನು 'ಸಮಯ ಉಳಿದರೆ' ಎಂದು ಇಟ್ಟುಕೊಂಡರೆ ಅದಕ್ಕೆ ಸಮಯ ಉಳಿಯುವುದಿಲ್ಲ, ಮೂರನೆಯದಕ್ಕೆ ಅವಸರವಾಗುತ್ತದೆ.

ರಾಗದ ಸಮಯಕ್ಕೂ ಗಮನ ಕೊಡಿ. ಇಳಿಹೊತ್ತು ನಾಲ್ಕಕ್ಕೆ ಶುರುಮಾಡಿದರೆ ಭೀಮಪಲಾಸಿ ಅಥವಾ ಮುಲ್ತಾನಿಯಿಂದ ಹೊರಟು, ದೀಪ ಹಚ್ಚುವ ಹೊತ್ತಿಗೆ ಮಾರ್ವಾ, ಪೂರಿಯಾ, ಶ್ರೀಗೆ ಬರಬಹುದು. ಇದು ಬರೀ ಸಂಪ್ರದಾಯದ ಮಾತಲ್ಲ. ಮಟಮಟ ಮಧ್ಯಾಹ್ನ ತಡರಾತ್ರಿಯ ರಾಗವಾದ ದರ್ಬಾರಿ ಹಾಕಿದರೆ ಹಿರಿಯ ಕೇಳುಗರ ಅರ್ಧ ಗಮನ ಆ ಕಿರಿಕಿರಿಗೇ ಹೋಗುತ್ತದೆ.

ಎಳೆಯೊಂದನ್ನು ಹಿಡಿಯಿರಿ

ಮೂರು ರೆಕಾರ್ಡಿಂಗ್‌ಗಳಿಗೂ ಸಂಬಂಧವಿರಬೇಕು. ಸಂಬಂಧವಿಲ್ಲದಿದ್ದರೆ ಚರ್ಚೆ 'ನನಗೆ ಇದು ಹಿಡಿಸಿತು, ನಿನಗೆ ಅದು' ಎಂಬಲ್ಲಿಗೆ ನಿಲ್ಲುತ್ತದೆ. ಕೆಲಸಕ್ಕೆ ಬರುವ ಎಳೆಗಳು ಇವು.

ಒಂದು, ಗುರು-ಶಿಷ್ಯ ಸಾಲು. ನಮ್ಮ ಕಡೆಯವರಿಗೆ ಹತ್ತಿರದ್ದು ಕಿರಾಣಾ ಘರಾಣೆ (ಹಾಡಿಕೆಯ ಪರಂಪರೆ): ಅಬ್ದುಲ್ ಕರೀಮ್ ಖಾನ್ (1872–1937), ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು (1886–1952), ಅವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಮೂರು ತಲೆಮಾರು ಒಂದು ಸಂಜೆಯಲ್ಲಿ ಮುಗಿಯುತ್ತದೆ. ಶುದ್ಧ ಕಲ್ಯಾಣ ರಾಗವನ್ನು ಆರಿಸಿದರೆ ಕೇಳಲು ಖಚಿತವಾದ ಪ್ರಶ್ನೆಯೂ ಸಿಗುತ್ತದೆ. ಆರೋಹದಲ್ಲಿ (ಸ್ವರ ಏರುವಾಗ) ಅದು ಭೂಪಾಲಿ ರಾಗದಂತೆ. ಅವರೋಹದಲ್ಲಿ (ಇಳಿಯುವಾಗ) ನಿಷಾದ, ತೀವ್ರ ಮಧ್ಯಮ ಸ್ವರಗಳೂ ಬರುತ್ತವೆ. ಈ ಗಾಯಕರು ನಿಷಾದವನ್ನು ನಿಂತು ಹೇಳುತ್ತಾರೋ, ಮೀಂಡಿನಲ್ಲಿ (ಸ್ವರದಿಂದ ಸ್ವರಕ್ಕೆ ಜಾರುತ್ತ) ಸವರಿಕೊಂಡು ಹೋಗುತ್ತಾರೋ? ಬಸವರಾಜ ರಾಜಗುರು ಮತ್ತು ಅವರಲ್ಲಿ ಕಲಿತ ನಮ್ಮ ಉತ್ತರ ಕನ್ನಡ ಜಿಲ್ಲೆಯವರೇ ಆದ ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆಯವರ ಹಾಡಿಕೆಯನ್ನೂ ಇದೇ ರೀತಿ ಜೋಡಿಸಬಹುದು.

ಎರಡು, ಸ್ವರ ಒಂದೇ, ರಾಗ ಬೇರೆ. ಭೂಪಾಲಿ-ದೇಶಕಾರಕ್ಕೆ ಅದೇ ಐದು ಸ್ವರ; ಒಂದರಲ್ಲಿ ಗಾಂಧಾರದ ಒಡೆತನ, ಇನ್ನೊಂದರಲ್ಲಿ ಧೈವತದ್ದು. ಮಾರ್ವಾ-ಪೂರಿಯಾ-ಸೋಹನಿ ಇನ್ನೂ ಚೆಂದ: ಪೂರಿಯಾ ಮಂದ್ರದಲ್ಲಿ (ಕೆಳಗಿನ ಸಪ್ತಕ) ಕುಳಿತರೆ ಸೋಹನಿ ತಾರದಲ್ಲಿ (ಮೇಲಿನ ಸಪ್ತಕ) ಹಾರಾಡುತ್ತದೆ, ಮಾರ್ವಾ ಷಡ್ಜಕ್ಕೆ ಬರಲು ಒಲ್ಲೆ ಎನ್ನುತ್ತದೆ. ಸ್ವರಜ್ಞಾನ ಇಲ್ಲದವರೂ ಈ ವ್ಯತ್ಯಾಸವನ್ನು ಕೇಳಿಯೇ ಹಿಡಿಯುತ್ತಾರೆ. ಹೊಸ ಕೂಟಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಮೂರು, ಕಾಲದ ಅಳತೆ. ಹತ್ತು ಇಂಚಿನ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟಿನ ಒಂದು ಬದಿಗೆ ಮೂರು-ಮೂರೂವರೆ ನಿಮಿಷ, ಎಲ್‌ಪಿಯ ಬದಿಗೆ ಇಪ್ಪತ್ತು ಚಿಲ್ಲರೆ, ಬೈಠಕ್ಕಿಗೆ ಒಂದು ತಾಸು. ಅದೇ ರಾಗವನ್ನು ಈ ಮೂರರಲ್ಲೂ ಕೇಳಿದರೆ ಗಾಯಕರು ಏನನ್ನು ಬಿಟ್ಟರು, ಏನನ್ನು ಬಿಡಲೇ ಇಲ್ಲ ಎನ್ನುವುದು ಎದ್ದು ಕಾಣುತ್ತದೆ. ಬಿಡದೇ ಉಳಿದದ್ದೇ ಅವರ ಮಟ್ಟಿಗೆ ರಾಗ.

ಮಳೆಗಾಲದಲ್ಲಿ ಮಲ್ಹಾರದ ಕೂಟ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಾಡಿ. ಆದರೆ ಶಿರಸಿಯ ಜುಲೈ ಮಳೆ ಮಿಯಾಮಲ್ಹಾರದ ಮಂದ್ರ ಸಪ್ತಕವನ್ನು ನುಂಗಿಹಾಕುತ್ತದೆ ಎನ್ನುವುದು ನೆನಪಿರಲಿ. ಕೋಣೆಯ ವಿಷಯದಲ್ಲಿ ಅದಕ್ಕೆ ಉಪಾಯ ಹೇಳಿದೆ.

ಕ್ಯಾಸೆಟ್ಟಿಗೆ ಕೈ ಹಾಕುವ ಮೊದಲು

ಡೆಕ್ಕಿಗೆ ತುರುಕಬೇಡಿ. ಮೊದಲು ಬೆಳಕಿಗೆ ಹಿಡಿದು ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬೂದಿ ಎರಚಿದ ಹಾಗೆ ಬಿಳಿ ಇದ್ದರೆ ಅದು ಬೂಷ್ಟು. ಅದನ್ನು ಒಳ್ಳೆಯ ಡೆಕ್ಕಿನಲ್ಲಿ ಓಡಿಸಿದರೆ ಆ ಬೂಷ್ಟು ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಎರಡು ವಾರ ಇಟ್ಟು ಒಣಗಿಸಿ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ. ಆಮೇಲೆ ಹಳೆಯ ಅಗ್ಗದ ಪ್ಲೇಯರಿನಲ್ಲಿ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ.

ಬೂಷ್ಟು ಬಾರದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಅಡಿಕೆಗೆ, ಬುಟ್ಟಿಗೆ ಅದು ಸರಿ. ಟೇಪಿಗೆ ಬಿಸಿ ಮತ್ತು ಮಸಿ ಎರಡೂ ವೈರಿ. ಬಿಸಿಲಿಗೆ ಒಣ ಹಾಕುವುದೂ ಅಷ್ಟೇ ಕೆಟ್ಟದ್ದು.

ನಂತರ ನೋಡಬೇಕಾದ್ದು ಮೂರು. ಕ್ಯಾಸೆಟ್ಟಿನ ಬೆನ್ನಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಇದ್ದರೆ ಯಾರಾದರೂ ರೆಕಾರ್ಡ್ ಗುಂಡಿ ಒತ್ತಿ ಅಳಿಸುವ ಅಪಾಯವಿದೆ. ಟೇಪಿನ ಹಿಂದಿರುವ ಸಣ್ಣ ಉಣ್ಣೆಯ ಒತ್ತುಪಟ್ಟಿ ಅಂಟು ಒಣಗಿ ಉದುರಿರುತ್ತದೆ. ಆಗ ಧ್ವನಿ ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಐದು ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಗಳನ್ನು ಎತ್ತಿ ಇಟ್ಟರೆ ಸರಿಹೋಗುತ್ತದೆ. ಇನ್ನು ಟೇಪು ಸಡಿಲವಾಗಿದ್ದರೆ ಆರು ಮೂಲೆಯ ಪೆನ್ಸಿಲ್ ಹಾಕಿ ತಿರುಗಿಸಿ ಬಿಗಿ ಮಾಡಿ.

ಡೆಕ್ಕಿನ ಹೆಡ್ಡು (ಟೇಪನ್ನು ಓದುವ ಭಾಗ) ಮತ್ತು ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹಳೆಯ ಟೇಪಾದರೆ ಪ್ರತಿ ಬದಿ ಮುಗಿದ ಮೇಲೂ. ರಬ್ಬರಿನ ಗಾಲಿಗೆ ಆಲ್ಕೋಹಾಲ್ ಬೇಡ, ಸೋಪು ನೀರಿನ ಒದ್ದೆ ಬಟ್ಟೆ ಸಾಕು. ಕಾರವಾರ, ಅಂಕೋಲಾ, ಕುಮಟಾದವರಿಗೆ ಒಂದು ಹೆಚ್ಚಿನ ಕೆಲಸ: ಉಪ್ಪುಗಾಳಿಗೆ ವಾಯರಿನ ಪಿನ್ನು, ಸ್ಪೀಕರಿನ ಕ್ಲಿಪ್ಪು ಕಿಲುಬು ಹಿಡಿದು ಒಂದು ಬದಿಯ ಸದ್ದು ಹೋಗಿ ಬಂದು ಮಾಡುತ್ತದೆ. ಪಿನ್ನನ್ನು ಹತ್ತು ಸಲ ತಿರುಗಿಸಿ ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ.

ಎಲ್ಲ ಸರಿಯಿದ್ದೂ ಧ್ವನಿ ಮಂಕಾಗಿದ್ದರೆ ಕಾರಣ ಹೆಡ್ಡಿನ ವಾಲು. ರೆಕಾರ್ಡ್ ಮಾಡಿದ ಮಶೀನಿನ ಹೆಡ್ಡು ಯಾವ ಕೋನದಲ್ಲಿತ್ತೋ ಅದೇ ಕೋನ ಇಲ್ಲೂ ಬೇಕು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಅತ್ತ ಇತ್ತ ತಿರುಗಿಸುತ್ತ, ತಂಬೂರಿಯ ಝೇಂಕಾರ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ಯಾವ ಸಾಫ್ಟ್‌ವೇರೂ ಇದನ್ನು ಆಮೇಲೆ ಸರಿಮಾಡಲಾರದು.

ಕಂಪ್ಯೂಟರಿಗೆ ಇಳಿಸುವುದು

ಡೆಕ್ಕಿನ ಲೈನ್ ಔಟ್‌ನಿಂದ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಹಾಕಿದರೆ ತಾನುಗಳೆಲ್ಲ (ವೇಗದ ಸ್ವರಗಳ ಸಾಲು) ಒಡೆಯುತ್ತವೆ. ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟು, ಅತಿ ಜೋರಿನ ಜಾಗ −6 ಡೆಸಿಬೆಲ್ ಮುಟ್ಟುವಂತೆ ಮಟ್ಟ ಹಿಡಿಯಿರಿ. ಆಲಾಪ ನೋಡಿ ಮಟ್ಟ ನಿಗದಿ ಮಾಡಿದರೆ ದ್ರುತ್ (ವೇಗದ ಭಾಗ) ಬಂದಾಗ ತಬಲಾ ಕೆಂಪಿಗೆ ಹೋಗುತ್ತದೆ. ಮೊದಲೇ ಟೇಪಿನ ಕೊನೆಯ ಐದು ನಿಮಿಷ ಓಡಿಸಿ ನೋಡುವುದು ಕ್ಷೇಮ. ಸಿ-90ರ ಒಂದು ಬದಿ, ಅಂದರೆ 45 ನಿಮಿಷ, ಸುಮಾರು 780 ಎಂಬಿ ಆಗುತ್ತದೆ. ಫ್ಲ್ಯಾಕ್ ಮಾದರಿಯ ಫೈಲು ಮಾಡಿದರೆ ಗುಣ ಕಳೆಯದೆ ಜಾಗ ಸಾಕಷ್ಟು ಉಳಿಯುತ್ತದೆ.

ಬಹುತೇಕ ಹಳೆಯ ಬೈಠಕ್ ರೆಕಾರ್ಡಿಂಗ್ ಮೋನೋ. ಎರಡು ಚಾನೆಲ್ಲಿನಲ್ಲಿ ಒಂದು ಯಾವಾಗಲೂ ಇನ್ನೊಂದಕ್ಕಿಂತ ಚೊಕ್ಕವಾಗಿರುತ್ತದೆ. ಒಳ್ಳೆಯದನ್ನೇ ಎರಡೂ ಕಡೆ ಹಾಕಿ.

ಸುಯ್ಯೆನ್ನುವ ಹಿಸ್ ತೆಗೆಯುವ ಉಮೇದಿನಲ್ಲಿ ನಾಯ್ಸ್ ರಿಡಕ್ಷನ್ ಜಾಸ್ತಿ ಒತ್ತಬೇಡಿ. ತಂಬೂರಿಯ ಮೇಲಿನ ನಾದ ಇರುವುದೂ ಹಿಸ್ ಇರುವ ಪಟ್ಟಿಯಲ್ಲೇ. ಒಂದನ್ನು ತೆಗೆದರೆ ಇನ್ನೊಂದು ಹೋಗುತ್ತದೆ, ಗಾಯಕರು ನೀರೊಳಗೆ ಹಾಡಿದಂತಾಗುತ್ತದೆ. ಮೂಲ ಫೈಲನ್ನು ಮುಟ್ಟದೆ ಇಟ್ಟು ಕೇಳಲು ಬೇರೆ ಪ್ರತಿ ಮಾಡಿಕೊಳ್ಳಿ. ಶುರುವಿನ ಶ್ರುತಿ ಕೂಡಿಸುವುದನ್ನೂ ನಡುವಿನ 'ವಾಹ್'ಗಳನ್ನೂ ಕತ್ತರಿಸಬೇಡಿ.

ಶ್ರುತಿಯ ವಿಚಾರಕ್ಕೆ ಸ್ವಲ್ಪ ತಾಳ್ಮೆ ಬೇಕು. ಟೇಪು ಶೇಕಡಾ ಆರರಷ್ಟು ವೇಗವಾಗಿ ಓಡಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡುವವರು ಬಿಳಿ ಎರಡರಲ್ಲಿ (ಅದರ ಮುಂದಿನ ಬಿಳಿ ಮನೆ) ಹಾಡಿದಂತೆ ಕೇಳುತ್ತದೆ. ಸಂಖ್ಯೆಯಲ್ಲಿ ಹೇಳುವುದಾದರೆ 138.6 ಹರ್ಟ್ಸ್ ಇರಬೇಕಾದ ಷಡ್ಜ 146.8 ಆಗುತ್ತದೆ. ಮೊಬೈಲಿನ ತಂಬೂರಿ ಆ್ಯಪನ್ನು ಪಕ್ಕದಲ್ಲಿಟ್ಟು ಹೊಂದಿಸಿ ನೋಡಿ. ಸರಿಪಡಿಸುವಾಗ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಬಳಸಿ, ಈ ಉದಾಹರಣೆಗೆ −5.6 ಶೇಕಡಾ. ಶ್ರುತಿ ಮಾತ್ರ ಇಳಿಸಿದರೆ ಲಯ ತಪ್ಪಾಗಿಯೇ ಉಳಿಯುತ್ತದೆ. ಸೆಲ್ಲಿನ ಮೇಲೆ ಓಡಿದ ರೆಕಾರ್ಡರಿನದಾದರೆ ಇನ್ನೊಂದು ತಮಾಷೆ: ಸೆಲ್ಲು ಇಳಿದಂತೆ ಆಗ ಟೇಪು ನಿಧಾನವಾಗಿತ್ತು, ಹಾಗಾಗಿ ಈಗ ಕೇಳುವಾಗ ಕೊನೆಕೊನೆಗೆ ಶ್ರುತಿ ಏರುತ್ತ ಹೋಗುತ್ತದೆ. ಹತ್ತು ಹತ್ತು ನಿಮಿಷದ ತುಂಡಾಗಿ ಸರಿಮಾಡಬೇಕು. ಆದರೆ ಗಾಯಕರ ಶ್ರುತಿ ವಯಸ್ಸಿನೊಂದಿಗೆ ಇಳಿಯುವುದೂ ಉಂಟು. ನಿರೂಪಕರ ಮಾತು ಅವಸರವಾಗಿ ಕೇಳುವಂಥ ಬೇರೆ ಸಾಕ್ಷಿ ಇದ್ದರೆ ಮಾತ್ರ ಕೈ ಹಾಕಿ.

ಪ್ಲೇಟು ಸಿಕ್ಕಿದವರಿಗೆ ಒಂದೆರಡು ಮಾತು. 78ರ ಪ್ಲೇಟು ಅರಗಿನದು. ಆಲ್ಕೋಹಾಲ್ ಹಚ್ಚಿದರೆ ಕರಗುತ್ತದೆ. ಉಗುರು ಬೆಚ್ಚನೆಯ ನೀರಿಗೆ ಒಂದು ಹನಿ ಪಾತ್ರೆ ಸೋಪು, ನಡುವಿನ ಲೇಬಲ್ ಒದ್ದೆಯಾಗದಂತೆ. ಎಲ್‌ಪಿಯ ಮುಳ್ಳು ಅದರ ಗೆರೆಗೆ ಸಣ್ಣದು, ತಳ ಕೆರೆದು ಬರೀ ಗರಗರ ಬರುತ್ತದೆ. ಮೂರು ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ದಪ್ಪದ ಮುಳ್ಳು ಬೇಕು. ಕೀಲಿ ಕೊಡುವ ಗ್ರಾಮಫೋನಿನ ಭಾರದ ತೋಳಿನಲ್ಲಿ ಅಪರೂಪದ ಪ್ಲೇಟು ಹಾಕಬೇಡಿ.

ಚೀಟಿ ಬರೆಯುವುದು

ಪ್ರತಿ ರೆಕಾರ್ಡಿಂಗಿಗೂ ಒಂದು ಚೀಟಿ: ಕಲಾವಿದರು, ರಾಗ, ತಾಳ, ಬಂದಿಶಿನ (ಹಾಡಿದ ರಚನೆ) ಮೊದಲ ಸಾಲು, ಸಾಥ್ (ಪಕ್ಕವಾದ್ಯ) ಯಾರದು, ಊರು-ವರ್ಷ, ಮೂಲ ಯಾವುದು (ರೇಡಿಯೋ, ಪ್ಲೇಟು, ಖಾಸಗಿ ಬೈಠಕ್), ಯಾರ ಮನೆಯಿಂದ ಬಂತು. ಪ್ರತಿಯೊಂದರ ಮುಂದೆ 'ಖಾತ್ರಿ' ಅಥವಾ 'ಊಹೆ' ಎಂದು ಬರೆಯಲೇಬೇಕು. ಕ್ಯಾಸೆಟ್ಟಿನ ಮೇಲೆ ಅಜ್ಜ ಬರೆದ ರಾಗದ ಹೆಸರು ತಪ್ಪಿರಬಹುದು, ಅದನ್ನು ಅಳಿಸದೆ ಫೋಟೋ ತೆಗೆದಿಡಿ. ಅಂತರ್ಜಾಲದಲ್ಲಿ ಸಿಗುವ ಹೆಸರುಗಳು ಅದಕ್ಕಿಂತ ಹೆಚ್ಚು ತಪ್ಪಿರುತ್ತವೆ.

ವರ್ಷ ಊಹಿಸಲು ರೆಕಾರ್ಡಿಂಗಿನೊಳಗೇ ಸುಳಿವು ಇರುತ್ತದೆ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧಿಸಿತ್ತು. ಸ್ಟುಡಿಯೋ ಪ್ರಸಾರದಲ್ಲಿ ಸಾರಂಗಿ ಮಾತ್ರ ಕೇಳಿದರೆ ವರ್ಷ ಸಿಕ್ಕಿತು ಎಂದಲ್ಲ. ಆದರೆ ಹಾರ್ಮೋನಿಯಂ ಇದ್ದೂ '1962, ರೇಡಿಯೋ' ಎಂದು ಬರೆದಿದ್ದರೆ ಎರಡರಲ್ಲಿ ಒಂದು ತಪ್ಪು.

ಕೋಣೆ ಮತ್ತು ಕರೆಂಟು

ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಕೂರಬೇಡಿ. ಹಂಚಿನ ಮನೆಯಾದರೆ ಮರದ ಮುಚ್ಚಿಗೆ ಇರುವ ಒಳಕೋಣೆ ಆರಿಸಿ. ಮೇಲಿನ ಅಟ್ಟ ಮಳೆಯ ಸದ್ದನ್ನು ಸಾಕಷ್ಟು ಕುಡಿಯುತ್ತದೆ. ಜಗಲಿ ಚೆಂದ ಕಾಣುತ್ತದೆ, ಕೇಳಲು ಅಲ್ಲ. ನೆಲಕ್ಕೆ ಜಮಖಾನೆ ಹಾಸಿ, ಬೋಳು ಗೋಡೆಗೆ ಎರಡು ಕಂಬಳಿ ಇಳಿಬಿಡಿ.

ನೆಲದ ಮೇಲೆ ಕೂತವರ ಕಿವಿ ಸುಮಾರು 70–75 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ಸ್ಪೀಕರೂ ಅಲ್ಲಿಗೇ ಬರಲಿ. ಗೋಡೆಯಿಂದ ಎರಡು ಅಡಿ ಮುಂದಕ್ಕೆ. ಮೂಲೆಗೆ ಒತ್ತಿದರೆ ಬಾಂಯಾ (ತಬಲಾದ ಎಡಗೈ ಕಡೆಯದು) ಗುಡುಗುತ್ತದೆ, ಗಾಯಕರ ಖರ್ಜ (ಕೆಳಗಿನ ಸ್ವರಗಳು) ಅದರಡಿ ಹೂತುಹೋಗುತ್ತದೆ. ಮೋನೋ ರೆಕಾರ್ಡಿಂಗಿಗೆ ಒಂದೇ ಒಳ್ಳೆಯ ಸ್ಪೀಕರ್ ಸಾಕು, ಎರಡು ಸಾಧಾರಣದ್ದಕ್ಕಿಂತ ಅದೇ ಮೇಲು. ಎಷ್ಟು ಜೋರು? ಹಿಂದಿನ ಸಾಲಿಗೆ ತಂಬೂರಿ ಕೇಳಬೇಕು, ಮುಂದಿನ ಸಾಲಿಗೆ ತಾರ ಷಡ್ಜ ಚುಚ್ಚಬಾರದು.

ಅಗ್ಗದ ಇನ್ವರ್ಟರಿನ ಕರೆಂಟಿಗೆ ಆಂಪ್ಲಿಫೈಯರ್ ಜುಂಯ್ ಎನ್ನುತ್ತದೆ. ಬ್ಯಾಟರಿಯ ಸ್ಪೀಕರನ್ನು ವಾಯರಿನಲ್ಲಿ ಜೋಡಿಸಿಟ್ಟಿರಿ. ಕರೆಂಟು ಇದ್ದಾಗಲೂ ಗುಂಯ್‌ಗುಟ್ಟಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಅನೇಕ ಸಲ ಅಷ್ಟಕ್ಕೇ ನಿಲ್ಲುತ್ತದೆ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತಿಡಿ.

ಕೇಳುವುದು, ಆಮೇಲೆ ಮಾತು

ಮೊದಲ ಸುತ್ತು ಪೂರ್ತಿ ಮೌನ. ಚೀಟಿಯನ್ನು ಓದಬೇಡಿ, ಹೆಸರು ಹೇಳಬೇಡಿ. ಭೀಮಸೇನರು ಎಂದು ಗೊತ್ತಾದ ಕ್ಷಣ ಎಲ್ಲರೂ ತಮ್ಮ ತಲೆಯೊಳಗಿನ ಭೀಮಸೇನರನ್ನೇ ಕೇಳತೊಡಗುತ್ತಾರೆ. ಕವಳದ (ಎಲೆಅಡಿಕೆಯ) ಹರಿವಾಣ ಈ ಹೊತ್ತಿಗೇ ಸುತ್ತಿ ಬರಲಿ. ಕವಳ ತುಂಬಿದ ಬಾಯಿ ನಡುವೆ ವ್ಯಾಖ್ಯಾನ ಮಾಡುವುದಿಲ್ಲ.

ಪ್ರತಿಯೊಬ್ಬರ ಕೈಯಲ್ಲಿ ಒಂದು ಹಾಳೆ. ಏನಾದರೂ ಸೆಳೆದರೆ ನಿಮಿಷ-ಸೆಕೆಂಡ್ ಮಾತ್ರ ಬರೆದುಕೊಳ್ಳಬೇಕು, ವಿವರಣೆ ಬೇಡ. ಲ್ಯಾಪ್‌ಟಾಪಿನ ಗಡಿಯಾರ ಎಲ್ಲರಿಗೂ ಕಾಣುವಂತಿರಲಿ.

ಮಾತು ಶುರುವಾದಾಗ ಒಂದೇ ಕಟ್ಟಳೆ: 'ಅದ್ಭುತ' ಎನ್ನುವವರು ಎಲ್ಲಿ ಎಂದು ತೋರಿಸಬೇಕು. '12:40ರಲ್ಲಿ ಗಾಂಧಾರಕ್ಕೆ ಬಂದವರು ಅಲ್ಲೇ ನಿಂತುಬಿಟ್ಟರು' ಎಂದರೆ ಅದು ಚರ್ಚೆಗೆ ಬರುವ ಮಾತು. ಕೂಡಲೇ ಆ ಜಾಗದಿಂದ ತೊಂಬತ್ತು ಸೆಕೆಂಡ್ ಮತ್ತೆ ಹಾಕಿ. ಎರಡನೆಯ ಸಲ ಕೇಳಿದಾಗ ಅರ್ಧ ಜನ ಅಭಿಪ್ರಾಯ ಬದಲಿಸುತ್ತಾರೆ. ಕೂಟದ ನಿಜವಾದ ಹೊತ್ತು ಇದೇ, ಇದಕ್ಕೆ ಅವಸರ ಮಾಡಬೇಡಿ.

ಹೊಸಬರು ಮೊದಲು ಮಾತಾಡಲಿ. ಕಲಿತವರು ಮೊದಲು 'ಇಲ್ಲಿ ಕೋಮಲ ರಿಷಭ ಸ್ವಲ್ಪ ಏರಿತ್ತು' ಎಂದರೆ ಉಳಿದವರ ಬಾಯಿ ಮುಚ್ಚಿತು. ಯಕ್ಷಗಾನದ ಭಾಗವತಿಕೆ ಕೇಳಿ ಬೆಳೆದ ಕಿವಿ ಲಯದ ಏರುಪೇರನ್ನು ಬೇಗ ಹಿಡಿಯುತ್ತದೆ, ಹೆಸರು ಹೇಳಲು ಬಾರದಿದ್ದರೂ. ಹಾಗೆಯೇ ತಾಳಮದ್ದಳೆಯ ಊರಿನಲ್ಲಿ ವಾದಕ್ಕೆ ಬರವಿಲ್ಲ. ಅದು ಘರಾಣೆಯ ಜಗಳಕ್ಕೆ ಜಾರಿದರೆ ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ: ಸಮ್‌ನಿಂದ (ತಾಳದ ಮೊದಲ ಪೆಟ್ಟು) ಮುಂದಿನ ಸಮ್‌ಗೆ ಎಷ್ಟು ಸೆಕೆಂಡ್? ವಿಲಂಬಿತ (ನಿಧಾನ ಗತಿಯ) ಏಕತಾಲದ 12 ಮಾತ್ರೆಗೆ 48 ಸೆಕೆಂಡ್ ಆದರೆ ಮಾತ್ರೆಗೆ ನಾಲ್ಕು ಸೆಕೆಂಡ್. ಮಲ್ಲಿಕಾರ್ಜುನ ಮನ್ಸೂರರ ವಿಲಂಬಿತ ತೀನತಾಲವನ್ನೂ ಅಳೆದು ನೋಡಿ. ಅವರ ಜೈಪುರ ಘರಾಣೆಯ ಲಯ 'ಬಿಗಿ' ಎಂದು ಎಲ್ಲರೂ ಹೇಳುವ ಮಾತಿಗೆ ಆಗ ಸಂಖ್ಯೆಯ ಬೆಂಬಲ ಸಿಗುತ್ತದೆ, ಜಗಳವೂ ಒಂದು ದಡ ಸೇರುತ್ತದೆ.

ಹೆಸರು ಬಿಚ್ಚುವುದು ಕೊನೆಗೆ. ತಪ್ಪು ಊಹಿಸಿದವರನ್ನು ನಗೆಯಾಡಿದರೆ ಅವರು ಮುಂದಿನ ಕೂಟಕ್ಕೆ ಬರುವುದಿಲ್ಲ.

ಹಂಚಿಕೊಳ್ಳುವಾಗ

ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ. ಸ್ಪೀಕರಿನ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿದ್ದು ಸಂಗೀತವಲ್ಲ, ಅದರ ನೆನಪು. ಜೊತೆಗೆ ಚೀಟಿಯ ವಿವರವನ್ನೂ ಹಾಕಿ, ಇಲ್ಲದಿದ್ದರೆ ಮೂರು ಗುಂಪು ದಾಟುವಷ್ಟರಲ್ಲಿ ದೇಶಕಾರ ಭೂಪಾಲಿಯಾಗಿರುತ್ತದೆ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಶಿರಸಿಯದು ಕಾರವಾರದಲ್ಲಿದ್ದರೆ ಸಿಡಿಲಿಗೂ ಬೂಷ್ಟಿಗೂ ಎರಡೂ ಒಟ್ಟಿಗೆ ಸಿಗಲಾರವು.

ಹಕ್ಕಿನ ಲೆಕ್ಕ ಹೀಗೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಬಿಡುಗಡೆಯಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ. 1964ರಲ್ಲಿ ಹೊರಬಂದ ಪ್ಲೇಟಿನದು 2024ರ ಕೊನೆಗೆ ಮುಗಿಯಿತು. ಹಕ್ಕು ಇನ್ನೂ ಮುಗಿಯದ್ದನ್ನು ಲಾಭದ ಉದ್ದೇಶವಿಲ್ಲದ ಸಂಘದ ಚಟುವಟಿಕೆಯಾಗಿ ಕೂತು ಕೇಳಲು ಕಾಯ್ದೆಯಲ್ಲೇ ಅವಕಾಶವಿದೆ. ಪ್ರತಿ ಮಾಡಿ ಹಂಚುವುದು ಬೇರೆ ಮಾತು, ಅದಕ್ಕೆ ಕೊಂಡಿಯನ್ನಷ್ಟೇ ಕಳಿಸಿ. ಖಾಸಗಿ ಬೈಠಕ್ಕಿನ ಟೇಪು ಎಂದೂ ಬಿಡುಗಡೆಯಾದದ್ದಲ್ಲ. ಹಾಡಿದವರು ಇದ್ದರೆ ಅವರನ್ನು, ಇಲ್ಲದಿದ್ದರೆ ಮನೆಯವರನ್ನು ಕೇಳಿ, ಒಪ್ಪಿಗೆ ಸಿಕ್ಕ ತಾರೀಕನ್ನು ಚೀಟಿಯ ಹಿಂದೆ ಬರೆಯಿರಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಚೊಕ್ಕ ಮಾಡಿದ ಒಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಒಯ್ಯಿರಿ. ಎಷ್ಟೋ ಮನೆಗಳಲ್ಲಿ ಆ ದನಿ ಉಳಿದಿರುವುದಿಲ್ಲ.